ಪೋಣಿಸಿಟ್ಟ ಸೂಜಿಗಳು

ಫೋನ್ ರಿಂಗಾದಾಗ ಪಿನ್ನು ನಾಲಿಗೆಯನ್ನು ತುಟಿಯ ಮೂಲೆಯಲ್ಲಿ ಕಚ್ಚಿ ಹಿಡಿದು, ನೀಲಿ ದಾರವನ್ನು ಸೂಜಿಯ ಕಣ್ಣಿಗೆ ತೂರಿಸುತ್ತಿದ್ದಳು.

ಅದು ದಿನವೂ ಅವಳದೇ ಕೆಲಸ. ಅಜ್ಜಿಗೆ ಬೀದಿಯ ಕೊನೆಯಲ್ಲಿ ಬರುವ ಬಸ್ಸಿನ ನಂಬರು ಕಾಣುತ್ತಿತ್ತು, ಆದರೆ ಕೈಯಲ್ಲೇ ಇರುವ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಅದಕ್ಕೇ ಪಿನ್ನು ಸ್ಕೂಲಿಗೆ ಹೊರಡುವ ಮೊದಲು ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ, ಕೆಂಪು ಮಕಮಲ್ಲಿನ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಅಜ್ಜಿ ದಿನವಿಡೀ ಒಂದೊಂದನ್ನೇ ತೆಗೆದು ಹೊಲಿಯುತ್ತಿದ್ದಳು. ಪಿನ್ನು ಎಂದು ಹೆಸರಿಟ್ಟವಳೂ ಅಜ್ಜಿಯೇ. "ಕಡ್ಡಿ ಹಾಗಿದ್ದಾಳೆ, ತಲೆ ಮಾತ್ರ ದಪ್ಪ. ಥೇಟು ಗುಂಡುಪಿನ್ನು!" ಎಂದು ಒಮ್ಮೆ ನಕ್ಕಿದ್ದಳು. ಅಲ್ಲಿಂದ ಎಲ್ಲರ ಬಾಯಲ್ಲೂ ಅದೇ ಹೆಸರು.

ಆಸ್ಪತ್ರೆಗೆ ಹೊರಡುವ ದಿನವೂ ಅಜ್ಜಿ ಬ್ಯಾಗನ್ನು ಪಕ್ಕಕ್ಕಿಟ್ಟು ಕೈ ಚಾಚಿ ಕುಳಿತಿದ್ದಳು. ಅವಳ ಬೆರಳ ತುದಿಯಿಂದ ಮೊಣಕೈಯವರೆಗೆ ಅಳೆದು ದಾರ ಕತ್ತರಿಸಬೇಕು. ಅದು ಅವಳ ಲೆಕ್ಕ.

"ಉದ್ದ ಆದ್ರೆ ಗಂಟು ಬೀಳುತ್ತೆ, ಗಿಡ್ಡ ಆದ್ರೆ ಬೇಗ ಮುಗಿಯುತ್ತೆ. ನಾನು ಬರೋಷ್ಟರಲ್ಲಿ ಎಲ್ಲಾ ಪೋಣಿಸಿಡು, ಗೊತ್ತಾಯ್ತಾ?"

ಈಗ ಪಿನ್ನುವಿನ ಕೈಯಲ್ಲಿದ್ದದ್ದು ಆ ದಿನ ಅಳೆದು ಕತ್ತರಿಸಿದವುಗಳಲ್ಲಿ ಕೊನೆಯ ದಾರ.

ಅಡುಗೆಮನೆಯಲ್ಲಿ ಅಮ್ಮ ಫೋನ್ ತೆಗೆದುಕೊಂಡಳು. ಆಸ್ಪತ್ರೆಯಿಂದ ಅಪ್ಪ. "ಹ್ಞೂಂ" ಎಂದಳು. ಮತ್ತೆ "ಹ್ಞೂಂ" ಎಂದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು. ನಲ್ಲಿ ಸುರಿಯುತ್ತಲೇ ಇತ್ತು. ಪಿನ್ನು ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು.

"ಅಜ್ಜಿ ಹೋಗ್ಬಿಟ್ಟಳು ಕಣೇ" ಎಂದಳು ಅಮ್ಮ.

ಪಿನ್ನು ಕೈಯಲ್ಲಿದ್ದ ಸೂಜಿಯನ್ನು ಕೆಂಪು ದಿಂಬಿಗೆ ಚುಚ್ಚಿಟ್ಟು ಬಂದು, ಅಮ್ಮನ ಪಕ್ಕದಲ್ಲಿ ಕುಳಿತಳು.

ಮನೆ ಜನರಿಂದ ತುಂಬಿತು. ಆಮೇಲೆ ಬರಿದಾಯಿತು. ಸಾಯಂಕಾಲವಾದರೆ ಅಜ್ಜ ಕಿಟಕಿಯ ಬಳಿ ಕೈಮುಗಿದು ಕೂರುತ್ತಿದ್ದ. "ದೇವರೇ, ನಿನ್ನ ಹತ್ತಿರ ಬಂದವಳಿಗೆ ಶಾಂತಿ ಕೊಡು" ಎಂದು ಮೆಲ್ಲಗೆ ಹೇಳುತ್ತಿದ್ದ. ಅಪ್ಪ, ಅಮ್ಮ ದನಿಗೂಡಿಸುತ್ತಿದ್ದರು. ಪಿನ್ನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಆ ಮಾತು ಹೇಳಿದರೆ ಅಜ್ಜಿ ಇನ್ನು ಬರುವುದಿಲ್ಲ ಎಂದು ತಾನೂ ಒಪ್ಪಿಕೊಂಡಂತೆ. ಅಜ್ಜ ಅವಳ ಮುಖ ನೋಡುತ್ತಿದ್ದ, ಆದರೆ ಬಲವಂತ ಮಾಡುತ್ತಿರಲಿಲ್ಲ.

ಒಂದು ಭಾನುವಾರ ಚಿಕ್ಕಮ್ಮ ಬಂದಳು. ಅವಳ ಹೊಟ್ಟೆಯಲ್ಲಿ ಪಾಪು. ಬಂದವಳೇ ಉಸ್ಸೆಂದು ಕುರ್ಚಿಯಲ್ಲಿ ಕುಳಿತು, "ಅಕ್ಕಾ, ಅಮ್ಮ ಪಾಪುಗೆ ಅಂತ ಹೊಲೀತಿದ್ಲಲ್ಲ, ಆ ಹೊದಿಕೆ ಎಲ್ಲಿ?" ಎಂದಳು.

ಅಮ್ಮ ಬೀರುವಿನಿಂದ ಹೊದಿಕೆ ತೆಗೆದು ಹಾಸಿದಳು. ಅದು ಮನೆಯವರೆಲ್ಲರ ಹಳೆಯ ಬಟ್ಟೆಗಳ ತುಂಡುಗಳಿಂದ ಕೂಡಿಸಿದ್ದು. ಅಜ್ಜನ ಚೌಕುಳಿ ಅಂಗಿ, ಅಪ್ಪನ ಪೈಜಾಮ, ಅಮ್ಮನ ಹೂವಿನ ರವಿಕೆ, ಚಿಕ್ಕಮ್ಮನ ಶಾಲೆಯ ಸ್ಕರ್ಟು. ಒಳಪದರದಲ್ಲಿ, ಯಾರಿಗೂ ಕಾಣದಂತೆ, ಅಜ್ಜಿಯ ಸವೆದ ಶಾಲು. ಎಲ್ಲವನ್ನೂ ಸೇರಿಸಿ ಮೇಲೆ ಇರುವೆಯ ಸಾಲಿನಂಥ ಹೊಲಿಗೆ. ಮೂರು ಮೂಲೆಗಳಲ್ಲಿ ಮೂರು ನೀಲಿ ಹಕ್ಕಿಗಳು ಕುಳಿತಿದ್ದವು. ನಾಲ್ಕನೆಯ ಹಕ್ಕಿಗೆ ತಲೆ, ಎದೆ ಮಾತ್ರ ಇತ್ತು. ರೆಕ್ಕೆ, ಬಾಲ ಬರಿಯ ಚಾಕ್ ಗೆರೆ.

"ನನ್ನ ಬಟ್ಟೆ ಯಾಕಿಲ್ಲ?" ಎಂದು ಪಿನ್ನು ಹಿಂದೆ ಮುಖ ಊದಿಸಿಕೊಂಡಿದ್ದಳು.

"ಹೊಸ ಬಟ್ಟೆ ಪಾಪುವಿನ ಮೈಗೆ ಒರಟು. ತೊಟ್ಟು, ಒಗೆದು, ಮೆತ್ತಗಾಗಿರ್ಬೇಕು. ನಿಂದು ಇನ್ನೂ ನಿನ್ನ ಮೈಮೇಲೇ ಕುಣೀತಿದೆ" ಎಂದಿದ್ದಳು ಅಜ್ಜಿ.

ಆ ಹಕ್ಕಿಗಳನ್ನು ಅಜ್ಜಿ ಕಂಡುಕೊಂಡದ್ದು ಒಂದು ಹಳೆಯ ಕ್ಯಾಲೆಂಡರಿನಲ್ಲಿ. ವರ್ಷ ಮುಗಿದರೂ ಅದನ್ನು ಗೋಡೆಯಿಂದ ಇಳಿಸಿರಲಿಲ್ಲ. ತಿಂಗಳಿಗೊಂದು ದೇಶದ ಕಸೂತಿಯ ಚಿತ್ರ ಅದರಲ್ಲಿ. ಒಂದು ಕಡೆ ಕನ್ನಡಿಯ ಚೂರುಗಳನ್ನು ದಾರದಿಂದ ಕಟ್ಟಿಹಾಕಿದ ಲಂಗ. ಒಂದು ಕಡೆ ಬಿಳಿ ತೋಳಿನ ಮೇಲೆ ಕೆಂಪು ಅಡ್ಡಹೊಲಿಗೆಯ ಹೂಗಳು. ಇನ್ನೊಂದು ಕಡೆ ಚಳಿಯ ಕಡಲಿನ ಮೀನುಗಾರನ ನೀಲಿ ಕೋಟು. ಅದರ ತುಂಬ ಬಿಳಿ ದಾರದ ಸಣ್ಣ ಹೊಲಿಗೆಗಳು, ಮೂಲೆಯಲ್ಲೊಂದು ಹಕ್ಕಿ.

"ಇದು ನಿನ್ನ ಹೊಲಿಗೇನೇ ಅಲ್ವಾ ಅಜ್ಜಿ? ಅವರಿಗೆ ಯಾರು ಕಲಿಸಿದ್ದು?" ಎಂದು ಪಿನ್ನು ಕೇಳಿದ್ದಳು.

"ಚಳಿ ಕಲಿಸ್ತು. ಕಡಲಾಚೆಯವರ ಬಟ್ಟೆಯೂ ಹರಿಯುತ್ತೆ ಮಗಾ. ಹರಿದಿದ್ದನ್ನ ಹೊಲೀತಾ ಕೂತಾಗ, ಹೇಗೂ ಸೂಜಿ ಕೈಯಲ್ಲಿದೆ, ಒಂದು ಹಕ್ಕೀನೂ ಇರ್ಲಿ ಅನ್ಸುತ್ತೆ."

ಈಗ ಚಿಕ್ಕಮ್ಮ ಆ ಅರ್ಧ ಹಕ್ಕಿಯ ಮೇಲೆ ಬೆರಳಾಡಿಸಿದಳು. ಬೆರಳ ತುದಿ ಬೆಳ್ಳಗಾಯಿತು.

"ಮುಟ್ಬೇಡ ಚಿಕ್ಕಮ್ಮಾ! ಗೆರೆ ಅಳಿಸ್ತಿದೆ!" ಪಿನ್ನು ಕಿರುಚಿದಳು.

ನಿಜ. ಬಾಲದ ತುದಿ ಆಗಲೇ ಮಸುಕಾಗಿತ್ತು. ಮಡಚಿದಾಗೊಮ್ಮೆ, ಬಿಡಿಸಿದಾಗೊಮ್ಮೆ ಅಜ್ಜಿ ಬರೆದ ಗೆರೆ ಧೂಳಾಗಿ ಉದುರುತ್ತಿತ್ತು.

ಅಷ್ಟರಲ್ಲಿ ಕೆಳಗಿನ ಅಂಗಡಿಯ ಟೈಲರ್ ಮಾವ ಮೇಲೆ ಬಂದರು. ಅಮ್ಮ ಹೇಳಿಕಳಿಸಿದ್ದಳು. ಕನ್ನಡಕ ಏರಿಸಿ ನೋಡಿ, "ಮಷೀನಿಗೆ ಕೊಟ್ರೆ ಎಷ್ಟು ಹೊತ್ತು? ಝರ್ರ್ ಅಂತ ಹಾರಿಬಿಡುತ್ತೆ ಹಕ್ಕಿ. ಆದ್ರೆ ನಿಮ್ಮ ಅಮ್ಮನವರ ಕೈಹೊಲಿಗೆ ಪಕ್ಕದಲ್ಲಿ ಚೆನ್ನಾಗಿ ಕಾಣಲ್ಲ, ಮೊದಲೇ ಹೇಳ್ತೀನಿ" ಎಂದರು.

"ಹಾಗಾದ್ರೆ ಕೈಯಲ್ಲೇ ಮುಗಿಸೋಣ. ಆ ದಿಂಬಲ್ಲಿ ಸೂಜಿಗಳು ರೆಡಿ ಇವೆಯಲ್ಲ" ಎಂದು ಅಮ್ಮ ಕೈ ಚಾಚಿದಳು.

ಪಿನ್ನು ಕೆಂಪು ದಿಂಬನ್ನು ಎದೆಗೆ ಅವುಚಿಕೊಂಡಳು. "ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಏ, ಚುಚ್ಚಿಕೊಳ್ಳುತ್ತೆ ಕಣೇ!"

"ಚುಚ್ಚಲಿ. ಇದು ಅಜ್ಜೀದು. ಅವಳ ಕೈಯಲ್ಲೇ ಅಳೆದ ದಾರ. ಹೊಲಿದ್ರೆ ಖಾಲಿಯಾಗಿಬಿಡುತ್ತೆ. ಆಮೇಲೆ ಅಂಥ ದಾರ ಎಲ್ಲಿಂದ ತರ್ತೀಯಾ?"

ಅಜ್ಜ ಕಿಟಕಿಯ ಬಳಿಯಿಂದ ಕೇಳಿದ, "ಪಿನ್ನಮ್ಮಾ, ಆ ಸೂಜಿಗಳನ್ನ ಪೋಣಿಸಿದ್ದು ಯಾವ ಕೆಲಸಕ್ಕೆ?"

"ಹಕ್ಕಿಗೆ" ಎಂದಳು ಪಿನ್ನು. ಅವಳ ದನಿ ಸಣ್ಣಗಾಗಿತ್ತು.



ಆ ರಾತ್ರಿ ಪಿನ್ನು ದಿಂಬನ್ನು ತನ್ನ ಮಂಚದ ಪಕ್ಕದಲ್ಲೇ ಇಟ್ಟುಕೊಂಡಳು. ಸೂಜಿಗಳನ್ನು ಉಳಿಸಿದರೆ ಗೆರೆ ಉಳಿಯುವುದಿಲ್ಲ. ಗೆರೆಯನ್ನು ಉಳಿಸಿದರೆ ಸೂಜಿಗಳು ಉಳಿಯುವುದಿಲ್ಲ. ಎರಡೂ ಅಜ್ಜಿಯದೇ. ಯೋಚಿಸುತ್ತಾ ಯೋಚಿಸುತ್ತಾ ನಿದ್ದೆ ಬಂತು.

ಮರುದಿನ ಸ್ಕೂಲಿನಿಂದ ಬಂದವಳು ಹಾಲು ಕೂಡ ಕುಡಿಯದೆ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಳು.

"ನಾನೇ ಹೊಲೀತೀನಿ. ಬೇರೆ ಯಾರೂ ಬೇಡ."

"ನನ್ನನ್ನಂತೂ ಕರೀಬೇಡ. ಗುಂಡಿ ಹಾಕು ಅಂದ್ರೆ ನಾನು ಕಾಜಾದ ತೂತನ್ನೂ ಸೇರಿಸಿ ಹೊಲಿದುಬಿಡೋಳು" ಎಂದಳು ಚಿಕ್ಕಮ್ಮ. ಹೆರಿಗೆಯವರೆಗೂ ಅವಳು ಇಲ್ಲೇ ಉಳಿಯುವವಳಿದ್ದಳು.

ಅಜ್ಜಿ ಮೊದಲ ಹೊಲಿಗೆ ಹಾಕುವಾಗ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. "ಮೊದಲನೇದು ದೇವರಿಗೆ, ಮಿಕ್ಕಿದ್ದು ನಮಗೆ" ಎನ್ನುತ್ತಿದ್ದಳು. ಪಿನ್ನು ಕಣ್ಣು ಮುಚ್ಚಲಿಲ್ಲ. ದೇವರ ಮೇಲೆ ಅವಳಿಗಿನ್ನೂ ಸಿಟ್ಟಿತ್ತು. ಸುಮ್ಮನೆ ಸೂಜಿ ಚುಚ್ಚಿದಳು.

ಮೊದಲ ದಿನ ಹೊಲಿಗೆಗಳು ಕುಡಿದವರಂತೆ ವಾಲಾಡಿದವು. ಎರಡನೆಯ ದಿನ ಸ್ವಲ್ಪ ಸಾಲಿಗೆ ಬಂದವು. ಆಮೇಲೆ ಕೈಗೆ ತಾನಾಗಿಯೇ ದಾರಿ ತಿಳಿಯಿತು. ರೆಕ್ಕೆಯ ಒಂದೊಂದು ಗರಿ ಮೂಡಿದಂತೆ ದಿಂಬಿನ ಸೂಜಿಗಳು ಒಂದೊಂದೇ ಖಾಲಿಯಾದವು. ಖಾಲಿ ಸೂಜಿಯನ್ನು ಪಿನ್ನು ಮತ್ತೆ ದಿಂಬಿಗೆ ಚುಚ್ಚಿ, ದಾರವಿರುವವು ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದಳು.

ಕೊನೆಗೆ ಉಳಿದದ್ದು ಒಂದೇ ಸೂಜಿ. ಫೋನ್ ಬಂದ ಹೊತ್ತಿನಲ್ಲಿ ಪೋಣಿಸಿದ್ದು. ಉಳಿದದ್ದು ಹಕ್ಕಿಯ ಬಾಲ. ಪಿನ್ನು ತನ್ನ ಹಳದಿ ಫ್ರಾಕ್ ಹಾಕಿಕೊಂಡು, ಬೆಳಕಿಗೆ ಬಗ್ಗಿ, ಒಂದು ನೂಲೂ ದಂಡವಾಗದ ಹಾಗೆ ಹೊಲಿದಳು. ಮಸುಕಾದ ಗೆರೆ ಒಂದು ಕಡೆ ಪೂರ್ತಿ ಮಾಯವಾಗಿತ್ತು. ಅಲ್ಲಿ ಅಂದಾಜಿನ ಮೇಲೆ ತಾನೇ ತಿರುವು ಕೊಟ್ಟಳು. ಬಾಲ ಮುಗಿಯಿತು. ದಾರ ಬೆರಳುದ್ದ ಉಳಿಯಿತು. ಅದನ್ನು ಹೊಲಿಗೆಗಳ ಅಡಿಗೆ ಸೇರಿಸಿ ಭದ್ರ ಮಾಡಿದಳು.

"ಅಜ್ಜಾ! ಆಯ್ತು!" ಎಂದು ಎದ್ದು ಓಡಿದಳು.

ಹೊದಿಕೆಯೂ ಅವಳ ಜೊತೆ ಓಡಿತು.

"ಏ ಪಿನ್ನು, ನಿಂಗೆ ಬಾಲ ಬಂದಿದೆ ಕಣೇ!" ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಪಿನ್ನು ಬಗ್ಗಿ ನೋಡಿದಳು. ತೊಡೆಯ ಮೇಲಿಟ್ಟುಕೊಂಡು ಹೊಲಿದ ಹಕ್ಕಿಯ ಬಾಲ ಹೊದಿಕೆಯನ್ನು ದಾಟಿ ಅವಳ ಫ್ರಾಕಿಗೂ ಹೊಲಿದುಕೊಂಡಿತ್ತು!

ಅಮ್ಮ ನಗಲು ಶುರುಮಾಡಿ, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಅಜ್ಜನ ಭುಜ ಕುಲುಕುತ್ತಿತ್ತು. "ಅವಳೂ ಹೀಗೇ ಮಾಡಿದ್ಲು! ಮದುವೆಯಾದ ಹೊಸತು. ಮೇಜಿನ ಬಟ್ಟೆಯನ್ನ ತನ್ನ ಲಂಗಕ್ಕೇ ಹೊಲಿದುಕೊಂಡು, ಬಾಗಿಲು ತಟ್ಟಿದ್ರು ಅಂತ ಎದ್ದು ಹೋದ್ಲು. ಹೊರಗೆ ನಾನು ಪಾಠ ಮಾಡ್ತಿದ್ದ ಸ್ಕೂಲಿನ ಹೆಡ್‌ಮಾಸ್ಟರು! ಇವಳು ಮೇಜಿನ ಬಟ್ಟೆ ಎಳ್ಕೊಂಡು ರಾಣಿ ಹಾಗೆ, 'ಬನ್ನಿ ಬನ್ನಿ' ಅಂದ್ಲು."

ಆ ಫೋನ್ ಬಂದ ದಿನದಿಂದೀಚೆಗೆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಆದರೆ ಪಿನ್ನು ನಗಲಿಲ್ಲ. ಅಮ್ಮ ಕತ್ತರಿ ತಂದು, "ಇರು, ಬಿಚ್ಚಿಬಿಡ್ತೀನಿ. ಬೇರೆ ದಾರದಲ್ಲಿ ಮತ್ತೆ ಹಾಕಿದ್ರಾಯ್ತು" ಎಂದಾಗ ಅವಳ ಮುಖ ಬಿಳುಚಿತು.

"ಬೇಡ! ಅದು ಕೊನೇ ದಾರ ಅಮ್ಮಾ!"

ಗಲಾಟೆ ಕೇಳಿ ಟೈಲರ್ ಮಾವ ಮೇಲೆ ಬಂದರು. ಹೊದಿಕೆಯ ಬೆನ್ನು ತಿರುಗಿಸಿ ನೋಡಿದರು. "ಒತ್ತಾಗಿ ಹೊಲಿದಿದ್ದೀಯಲ್ಲಮ್ಮಾ. ಬಿಚ್ಚಬಹುದು. ಆದ್ರೆ ದಾರ ಪಿಸಿದು ಹೋಗುತ್ತೆ. ಮತ್ತೆ ಹೊಲಿಯೋಕೆ ಬರಲ್ಲ."

ಪಿನ್ನು ಹೊದಿಕೆಯ ಬೆನ್ನನ್ನೇ ನೋಡುತ್ತಾ ನಿಂತಳು. ನೀಲಿ ದಾರ ಅಜ್ಜನ ಅಂಗಿಯ ಚೌಕುಳಿಯಿಂದ ಹೊರಟು, ಅಜ್ಜಿಯ ಶಾಲನ್ನು ದಾಟಿ, ತನ್ನ ಹಳದಿ ಫ್ರಾಕಿಗೆ ಬಂದು ತಲುಪಿತ್ತು. ಅವಳು ಫ್ರಾಕಿನ ಅಂಚನ್ನು ಬೆರಳುಗಳ ನಡುವೆ ಉಜ್ಜಿದಳು.

"ಫ್ರಾಕನ್ನೇ ಕತ್ತರಿಸಿ ಮಾವ."

"ಫ್ರಾಕಾ? ಚೆನ್ನಾಗಿರೋ ಫ್ರಾಕು ಕಣೇ!" ಎಂದಳು ಅಮ್ಮ.

"ಮೆತ್ತಗಾಗಿದೆ ಅಮ್ಮಾ. ಮುಟ್ಟಿ ನೋಡು ಬೇಕಾದ್ರೆ."

ಅಮ್ಮ ಮುಟ್ಟಿದಳು. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಕತ್ತರಿಯನ್ನು ಟೈಲರ್ ಮಾವನ ಕೈಗೆ ಕೊಟ್ಟಳು.

ಅವರು ಉಸಿರು ಬಿಗಿಹಿಡಿದು, ಹೊಲಿಗೆಯ ಸುತ್ತ ಅಂಗೈಯಗಲ ಬಿಟ್ಟು ಫ್ರಾಕನ್ನು ಕತ್ತರಿಸಿದರು. ಹಳದಿ ತುಂಡು ಹಕ್ಕಿಯ ಬೆನ್ನಿಗೆ ಅಂಟಿಕೊಂಡೇ ಉಳಿಯಿತು. "ಫ್ರಾಕಿನ ತೂತಿಗೆ ಒಂದು ಜೇಬು ಇಡ್ತೀನಿ, ಯಾರಿಗೂ ಗೊತ್ತಾಗಲ್ಲ. ಆದ್ರೆ ಈ ತುಂಡಿನ ಅಂಚು ಮಡಚಿ ಹೊಲೀಬೇಕು ನೀನು, ಇಲ್ಲಾಂದ್ರೆ ನೂಲು ಬಿಡುತ್ತೆ" ಎಂದು ಹೇಳಿ ಇಳಿದುಹೋದರು.

ಪಿನ್ನು ಬೇರೆ ಬಟ್ಟೆ ಹಾಕಿಕೊಂಡು ಬಂದು ನೀಲಿ ದಾರದ ಉಂಡೆ ತೆಗೆದುಕೊಂಡಳು. ದಾರ ಎಳೆದು, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಅಲ್ಲಿ ಚಾಚಿದ ಕೈ ಇರಲಿಲ್ಲ. ಖಾಲಿ ಕುರ್ಚಿ ಇತ್ತು.

ಅವಳು ದಾರದ ತುದಿಯನ್ನು ತನ್ನ ಬೆರಳಿಗೇ ಹಿಡಿದು, ತನ್ನ ಮೊಣಕೈಯವರೆಗೆ ಅಳೆದು ಕತ್ತರಿಸಿದಳು.

"ಗಿಡ್ಡ ಆಯ್ತು ಅಜ್ಜಾ."

"ಗಿಡ್ಡ ಆದ್ರೆ?"

"ಬೇಗ ಮುಗಿಯುತ್ತೆ." ಪಿನ್ನು ಸೂಜಿಗೆ ದಾರ ತೂರಿಸಿದಳು. "ಮುಗಿದ್ರೆ ಇನ್ನೊಂದು ಪೋಣಿಸ್ತೀನಿ."

ಹೊರಗೆ ಸಂಜೆಯಾಗುತ್ತಿತ್ತು. ಅಜ್ಜ ಕೈಮುಗಿದು ಕುಳಿತ. ಅಮ್ಮ, ಚಿಕ್ಕಮ್ಮ ಬಂದು ಅವನ ಪಕ್ಕ ಕುಳಿತರು. ಪಿನ್ನು ಹಳದಿ ತುಂಡಿನ ಅಂಚನ್ನು ಮಡಚಿ, ಸೂಜಿ ಚುಚ್ಚುವ ಮೊದಲು ಕಣ್ಣು ಮುಚ್ಚಿದಳು.

"ದೇವರೇ, ನಮ್ಮಜ್ಜಿಗೆ ಶಾಂತಿ ಕೊಡು" ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ದೇವರೊಬ್ಬನಿಗೇ ಕೇಳುವ ಹಾಗೆ ದನಿ ತಗ್ಗಿಸಿದಳು. "ಅವಳಿಗೆ ಹತ್ತಿರದ್ದು ಕಾಣಲ್ಲ. ಅಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರಾದ್ರೂ ಅವಳಿಗೆ ದಾರ ಪೋಣಿಸಿ ಕೊಡ್ಲಿ."