ಗೋಡೆಯ ತಟ್ಟೆ, ಸುತ್ತಿಗೆಯ ಹುಡುಗ

ಮೆರಿನ್‌ಗೆ ಯಾರಿಗೂ ಹೇಳದ ಒಂದು ಚಿಕ್ಕ ಹೆದರಿಕೆ ಇತ್ತು. 'ಇದು ನಾನು ಮಾಡಿದ್ದು' ಅನ್ನುವ ಮಾತು ತನ್ನ ಬಾಯಿಂದ ಯಾವತ್ತೂ ಹೊರಗೆ ಬರುವುದೇ ಇಲ್ಲವೇನೋ...

'ಬರಲ್ಲ ಕಣೇ. ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ ಅಂತೀಯ. ಹೇಡಿ!' ಎಂದು ತನ್ನೊಳಗೇ ಒಪ್ಪಿಕೊಂಡಿದ್ದಳು.

ಹೋಬಾರ್ಟ್ ನಗರದಲ್ಲಿ ಪದವಿ ಮುಗಿಸಿ ಹ್ಯೂಆನ್ ನದಿ ದಂಡೆಯ ತನ್ನ ಊರಿಗೆ ಮರಳಿದಾಗಿನಿಂದ ಅವಳ ಗುಟ್ಟಿನ ಕೆಲಸ ಒಂದೇ. ಚರ್ಚ್ ಹಾಲಿನ ಹಳೇ ಸಾಮಾನಿನ ಅಂಗಡಿಯಿಂದ ಯಾರಿಗೂ ಬೇಡವಾದ ತಟ್ಟೆ ಕೊಳ್ಳುವುದು, ಅದರ ಮೇಲೆ ನದಿ ಬದಿಯ ಹಕ್ಕಿಗಳನ್ನು ಬಿಡಿಸುವುದು, ಮನೆಯ ಓವನ್‌ನಲ್ಲಿಟ್ಟು ಬಣ್ಣ ಗಟ್ಟಿ ಮಾಡುವುದು. ಆಮೇಲೆ ಹಿಂದೆ ತಂತಿಯ ಕೊಕ್ಕೆ ಸಿಕ್ಕಿಸಿ, ಸದ್ದಿಲ್ಲದೆ ಅದೇ ಅಂಗಡಿಗೆ ಕೊಟ್ಟುಬಿಡುವುದು. ಹೆಸರಿಲ್ಲ, ಸಹಿ ಇಲ್ಲ. ಊರಿನ ಎಷ್ಟೋ ಅಡುಗೆಮನೆಯ ಗೋಡೆಗಳ ಮೇಲೆ ಅವಳ ಹಕ್ಕಿಗಳು ಕೂತಿದ್ದವು. ಅವು ಅವಳವೆಂದು ಬಲ್ಲವರು ಅಂಗಡಿ ನೋಡಿಕೊಳ್ಳುವ ಗ್ಲೆನಿಸ್ ಒಬ್ಬರೇ.

ಆ ಶನಿವಾರ ಕಪಾಟಿನಲ್ಲಿ ಅಂಚಿಗೆ ತೆಳು ಚಿನ್ನದ ಗೆರೆ ಇದ್ದ ಬಿಳಿ ತಟ್ಟೆಯೊಂದು ಕಂಡಿತು. ಅವಳ ಕೈ ಹೋಯಿತು. ಅದೇ ಕ್ಷಣಕ್ಕೆ ಇನ್ನೊಂದು ಕೈಯೂ!

ದೊಡ್ಡ ಕೈ. ಉಗುರಿನ ಸಂದಿಯಲ್ಲೆಲ್ಲ ಸಿಮೆಂಟು.

"ಬಿಡಿ. ಮೊದಲು ಹಿಡಿದದ್ದು ನಾನು," ಎಂದ ಅವನು.

"ಮೊದಲು ನೋಡಿದ್ದು ನಾನು."

"ನೋಡಿದವರಿಗೆಲ್ಲ ಕೊಡೋದಾದ್ರೆ ಕಿಟಕಿ ಹೊರಗೆ ನಿಂತಿರೋ ನಾಯಿಗೂ ಒಂದು ಕೊಡ್ಬೇಕಾಗುತ್ತೆ."

ಮೆರಿನ್‌ಳ ಕಣ್ಣು ಅವನ ಚೀಲದ ಮೇಲೆ ಬಿತ್ತು. ಸುತ್ತಿಗೆಯ ಹಿಡಿ ಇಣುಕುತ್ತಿತ್ತು.

"ಅದು ಯಾಕೆ?"

"ಒಡೆಯೋಕೆ."

"ಏನನ್ನ?"

"ತಟ್ಟೆನ. ಮತ್ತೇನು, ತಲೆನಾ?"

ಗಲ್ಲಾದ ಹಿಂದಿನಿಂದ ಗ್ಲೆನಿಸ್ ನಕ್ಕರು. "ಇವ್ನು ರೋವನ್ ಪೆಟಿಟ್, ಮಗಳೇ. ದೋಣಿ ನಿಲ್ಲೋ ಜೆಟ್ಟಿ ಹತ್ರ ಕಲ್ಲುಬೆಂಚು ಮಾಡ್ತಿದ್ದಾನಲ್ಲ, ತಟ್ಟೆ ಚೂರು ಅಂಟಿಸಿ ಚಿತ್ರ ಮಾಡೋನು."

"ಅಂದ್ರೆ ಕಟುಕ!"

ಮಾತು ಜಾರಿಯೇ ಹೋಯಿತು. ಮೆರಿನ್ ತಾನೇ ಬೆಚ್ಚಿದಳು. ಬೇಕರಿಯಲ್ಲಿ ಸರದಿ ತಪ್ಪಿಸಿ ಮುಂದೆ ನುಗ್ಗಿದವರಿಗೂ ಏನೂ ಅನ್ನದ ತಾನು ಇವನಿಗೆ...!

ಅವನ ಕಿವಿಗಳು ಕೆಂಪಾದವು. "ಸರಿ, ಕಟುಕನೇ. ಇಟ್ಕೊಳ್ಳಿ ನಿಮ್ಮ ತಟ್ಟೆ, ಲಾಲಿ ಹಾಡಿ ಮಲಗಿಸಿ." ಎಂದವನೇ ಪಕ್ಕದ ಕಪಾಟಿಗೆ ತಿರುಗಿ ಇನ್ನೊಂದನ್ನು ಎತ್ತಿಕೊಂಡ. "ಗ್ಲೆನಿಸ್, ನಂಗೆ ಇದು ಕೊಡಿ."

ಮೆರಿನ್ ತಿರುಗಿ ನೋಡಿದಳು. ಅವಳದೇ ತಟ್ಟೆ! ಬಾಲ ನಿಗುರಿಸಿ ಕೂತ ನೀಲಿ ರೆನ್ ಹಕ್ಕಿ. ಅದರ ಕಣ್ಣೊಂದಕ್ಕೇ ಒಂದಿಡೀ ಸಂಜೆ ಕಳೆದಿದ್ದಳು.

ಗ್ಲೆನಿಸ್ ಅವಳತ್ತ ನೋಡಿ ಹುಬ್ಬೇರಿಸಿದರು. ಹೇಳೇ ಹುಡುಗಿ, ಅನ್ನುವ ಹಾಗೆ.

'ಅದು ನನ್ನದು, ಒಡೀಬೇಡಿ. ಇಷ್ಟೇ ತಾನೇ... ಹೇಳು!' ಅವಳು ಬಿಳಿ ತಟ್ಟೆಯ ಅಂಚು ಸವರುತ್ತ ನಿಂತಳು. ಹಕ್ಕಿ ಸುತ್ತಿಗೆಯ ಪಕ್ಕದಲ್ಲೇ ಚೀಲ ಸೇರಿ ಬಾಗಿಲು ದಾಟಿತು.

ಅಲ್ಲಿಂದ ಶುರುವಾಯಿತು ಶನಿವಾರಗಳ ಯುದ್ಧ. ಅವನಿಗಿಂತ ಮೊದಲು ತಲುಪಲು ಅವಳು ಮಂಜಿನಲ್ಲೇ ಓಡಿಬರುವಳು. ಅವನು ಅಷ್ಟರಲ್ಲೇ ಬಾಗಿಲಿಗೆ ಒರಗಿ ನಿಂತಿರುವನು. 'ನೀವು' ಹೋಗಿ 'ನೀನು' ಬಂದಿತ್ತು, ಸಲಿಗೆಯಿಂದಲ್ಲ, ಸಿಟ್ಟಿನಿಂದ.

"ಇವತ್ತೆಷ್ಟು ಕೊಲೆ?"

"ನಿನ್ನ ಮುಖ ನೋಡಿದ ಮೇಲೆ ಒಂದೆರಡು ಜಾಸ್ತಿನೇ ಆಗುತ್ತೆ."

"ಮಾಡೋಕೆ ಬರದವರು ಒಡೀತಾರೆ."

"ನೀನೇನು ಮಾಡಿದ್ದೀಯ? ತೋರ್ಸು ನೋಡೋಣ!"

ಅಲ್ಲಿಗೆ ಅವಳು ಕಪಾಟಿನತ್ತ ತಿರುಗಿಬಿಡುತ್ತಿದ್ದಳು. ಅವನು ಗೆದ್ದವನಂತೆ ಹೊರಡುತ್ತಿದ್ದ, ಬಿಳಿ ತಟ್ಟೆಗಳ ಜೊತೆ ಅವಳದೊಂದು ಹಕ್ಕಿಯನ್ನೂ ಕೊಂಡು. ಪ್ರತಿ ಸಲವೂ!

'ಎಂಥ ಅಸಹ್ಯದ ಮನುಷ್ಯ! ಆದರೂ ಆ ಕಿವಿ ಕೆಂಪಾದಾಗ ಮಾತ್ರ...' ಆ ಯೋಚನೆಯನ್ನು ಅವಳು ಮುಗಿಯಲು ಬಿಡಲಿಲ್ಲ. ಅವನಿಲ್ಲದ ಒಂದು ಶನಿವಾರ ಅಂಗಡಿಯಲ್ಲಿ ಸುಮ್ಮನೆ ಅತ್ತಿತ್ತ ಸುಳಿದಾಡಿದ್ದೇಕೆ ಎಂದೂ ಕೇಳಿಕೊಳ್ಳಲಿಲ್ಲ.

ಜುಲೈ ಕೊನೆಯ ಒಂದು ಮಧ್ಯಾಹ್ನ, ಬೇಕರಿಯ ಬಿಸಿ ಚಿಪ್ಪುಮೀನಿನ ಸ್ಕಾಲಪ್ ಪೈ ಹಿಡಿದು ಜೆಟ್ಟಿಯ ದಾರಿಯಲ್ಲಿ ಹೊರಟಿದ್ದಳು. ಬೆಂಚಿನ ಮೇಲಿನ ಟಾರ್ಪಾಲು ಗಾಳಿಗೆ ಸರಿದಿತ್ತು. ಬಿಳಿ ಚೂರುಗಳ ನಡುವೆ ಅದೇ ನೀಲಿ. ಎರಡು ತುಂಡಾದ ಹಕ್ಕಿ, ಕುತ್ತಿಗೆಗೂ ರೆಕ್ಕೆಗೂ ನಡುವೆ ಸಿಮೆಂಟಿನ ಗೆರೆ!

ಪೈ ಕೈಯಿಂದ ಬಿದ್ದದ್ದು ಗೊತ್ತಾಗಲಿಲ್ಲ. ಕಡಲಹಕ್ಕಿಗಳು ಅದಕ್ಕೆ ಮುಗಿಬಿದ್ದವು.

"ಮನುಷ್ಯನಾ ನೀನು!" ಎಂದು ಕಿರುಚಿದಳು. ಬೆಂಚಿನ ಹಿಂದೆ ಮಂಡಿಯೂರಿದ್ದ ರೋವನ್ ತಲೆಯೆತ್ತಿದ. "ಒಂದು ಹಕ್ಕೀನಾದ್ರೂ ಬಿಡೋಕಾಗ್ಲಿಲ್ವಾ ನಿನಗೆ? ಕಣ್ಣು ನೋಡಿದ್ಯಾ ಅದರದ್ದು? ಹೇಗೆ ಬಂತು ಮನಸ್ಸು!"

"ನಾನು ಒಡೆದಿಲ್ಲ."

"ಸುಳ್ಳು!"

"ತೊಳೀತಿದ್ದೆ ಮಾರಾಯ್ತಿ! ಬಿಸಿನೀರು ಬಿದ್ದಿದ್ದೇ ತಡ, ಕೈಯಲ್ಲೇ ಬಿಟ್ಕೊಂಡ್ತು. ಗೋಡೆಗೆ ಹಾಕೋಣ ಅಂತ ತಂದಿದ್ದು, ಉಳಿದವುಗಳ ಜೊತೆ."

"ಉಳಿದವು...?"

"ಬೆಳಿಗ್ಗೆ ಟೀ ಕುಡಿಯುವಾಗ ಎದುರಿಗಿರ್ತಾವೆ, ಎಲ್ಲಾ ಹಕ್ಕಿಗಳು. ಬೇಕಿದ್ರೆ ಬಂದು ಎಣಿಸ್ಕೋ. ಬರೀ ಬಿಳಿ ತಟ್ಟೆನೇ ಬೇರೆ, ಯಾರೋ ಕೂತು ಬಿಡಿಸಿದ್ದೇ ಬೇರೆ. ಅಷ್ಟೂ ತಿಳಿಯದ ಕಟುಕ ಅಲ್ಲ ನಾನು!"

ಮೆರಿನ್ ನಂಬಲಿಲ್ಲ. ತಪ್ಪು ಹಿಡಿಯಲೆಂದೇ ಬಗ್ಗಿ ನೋಡಿದಳು.

ಸುತ್ತಲಿನ ಬಿಳಿ ಚೂರುಗಳಿಗೆಲ್ಲ ಸುತ್ತಿಗೆ ಒಡೆದ, ಇಕ್ಕಳ ಕಚ್ಚಿದ ಒರಟು ಅಂಚು. ಹಕ್ಕಿಯ ಬಿರುಕು ಹಾಗಿರಲಿಲ್ಲ. ಬಿಲ್ಲಿನಂತೆ ಬಾಗಿದ ಒಂದೇ ನಯವಾದ ಗೆರೆ, ಅಂಚಿನಿಂದ ಅಂಚಿಗೆ.

ಆ ಗೆರೆಯನ್ನು ಅವಳು ಬಲ್ಲಳು. ಓವನ್‌ನೊಳಗೇ ಪೂರ್ತಿ ಆರಲು ಬಿಡದೆ, ಬಿಸಿ ತಟ್ಟೆಯನ್ನು ಹೊರಗೆ ತೆಗೆದರೆ ಹೀಗೇ ಸೀಳುತ್ತದೆ. ಮೊದಲು ಕಣ್ಣಿಗೆ ಕಾಣುವುದಿಲ್ಲ. ಈ ಹಕ್ಕಿ ಮುಗಿಸಿದ ದಿನ ಅವಳಿಗೆ ಅವಸರವಿತ್ತು. ತಣ್ಣಗಿನ ಸಿಂಕಿನ ಮೇಲಿಟ್ಟಾಗ 'ಟಿಕ್' ಅಂದಿತ್ತು. ಓವನ್ ಬಾಗಿಲೇನೋ ಅಂದುಕೊಂಡು ಕೊಕ್ಕೆ ಸಿಕ್ಕಿಸಿದ್ದಳು...

ಅವಳ ಬೆರಳು ಆ ಗೆರೆಯ ಮೇಲೇ ನಿಂತಿತು.

ರೋವನ್ ಅವಳ ಮೌನವನ್ನು ಸಿಟ್ಟೆಂದೇ ತಿಳಿದ. ದನಿ ತಗ್ಗಿಸಿದ. "ಎಸೆಯೋಕೆ ಮನಸ್ಸಾಗ್ಲಿಲ್ಲ. ಮುರಿದದ್ದನ್ನ ಉಳಿಸೋಕೆ ನಂಗೆ ಗೊತ್ತಿರೋದು ಇದೊಂದೇ ದಾರಿ. ನೀನು ಬೈಕೋ, ಅಭ್ಯಾಸ ಆಗಿದೆ. ಅದನ್ನ ಬಿಡಿಸಿದವರು ಒಂದಿನ ಇಲ್ಲಿ ಬಂದು ಕೂತು, ಇವನೇ ಒಡೆದಿದ್ದು ಅಂದ್ಕೊಂಡ್ರೆ... ಅದನ್ನ ಮಾತ್ರ ತಡ್ಕೊಳ್ಳೋಕಾಗಲ್ಲ."

"ಯಾಕೆ?"

"ಗೊತ್ತಿಲ್ಲ. ಆ ಹಕ್ಕಿಗಳು ಇವೆಯಲ್ಲ, ಒಂದೂ ನೋಡೋರ ಕಡೆ ನೋಡಲ್ಲ. ಎಲ್ಲಾ ಪಕ್ಕಕ್ಕೆ ತಿರುಗಿ ಕೂತಿರ್ತಾವೆ, ನಾಚಿಕೊಂಡ ಹಾಗೆ. ಬಿಡಿಸಿದವರೂ ಹಾಗೇ ಇರ್ಬೇಕು ಅನ್ಸುತ್ತೆ. ಗ್ಲೆನಿಸ್‌ನ ಎಷ್ಟು ಸಲ ಕೇಳ್ದೆ, ಬಾಯೇ ಬಿಡಲ್ಲ ಅವ್ರು." ಅವನ ಕಿವಿಗಳು ಮತ್ತೆ ಕೆಂಪಾದವು. "ನೀನು ಯಾವಾಗ್ಲೂ ಅಂಗಡಿಲೇ ಇರ್ತೀಯಲ್ಲ. ನಿನಗೇನಾದ್ರೂ ಗೊತ್ತಾ?"

ಇಲ್ಲವೆಂದು ತಲೆಯಲ್ಲಾಡಿಸಿದರೆ ಸಾಕಿತ್ತು. ಬಿರುಕಿನ ತಪ್ಪು ಅವನ ಮೇಲೇ ಉಳಿಯುತ್ತಿತ್ತು. ಮುಂದಿನ ಶನಿವಾರವೂ ಜಗಳವಾಡಬಹುದಿತ್ತು, ಅದರ ಮುಂದಿನದೂ. ಎಷ್ಟು ಸುಲಭ!

'ಗೊತ್ತಿಲ್ಲ' ಅನ್ನಲು ಬಾಯಿ ತೆರೆದಳು. ಅವನು ಹೆಬ್ಬೆರಳಿನಿಂದ ಹಕ್ಕಿಯ ಮೇಲಿನ ಸಿಮೆಂಟನ್ನು ಮೆಲ್ಲಗೆ, ನೋವಾದೀತೇನೋ ಎಂಬಂತೆ, ಒರೆಸುತ್ತಿದ್ದ.

"ನಾನು," ಎಂದಳು ಮೆರಿನ್.

"ನೀನು ಏನು?"

"ಬಿಡಿಸಿದ್ದು. ಬಿರುಕು ಬಿಡಿಸಿದ್ದೂ ನಾನೇ... ಬಿಸಿ ಇರುವಾಗ್ಲೇ ಓವನ್‌ನಿಂದ ತೆಗೆದಿದ್ದೆ. ನಿನ್ನದೇನೂ ತಪ್ಪಿಲ್ಲ."

ರೋವನ್ ನಗಲಿಲ್ಲ, ಬೈಯಲೂ ಇಲ್ಲ. ಎದ್ದುನಿಂತು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇನ್ನೊಂದ್ಸಲ ಹೇಳು."

"ಯಾಕೆ? ಕೇಳಿಸ್ಲಿಲ್ವಾ?"

"ಕೇಳಿಸ್ತು. ಇಷ್ಟು ದಿನದಲ್ಲಿ ನೀನು ಬೈಯದೆ ಆಡಿದ ಮೊದಲನೇ ಮಾತು. ಅದಕ್ಕೆ."

ನದಿ ಗಾಳಿ ಜೋರಾಗಿ ಬೀಸುತ್ತಿತ್ತು. ಅದಕ್ಕಿಂತ ಗಟ್ಟಿಯಾಗಿ ಹೇಳಬೇಕಿತ್ತು. ಮೆರಿನ್ ಪಕ್ಕಕ್ಕೆ ತಿರುಗದೆ, ನೇರ ಅವನ ಕಣ್ಣು ನೋಡಿ ಹೇಳಿದಳು.

"ಆ ಹಕ್ಕಿಗಳನ್ನ ಬಿಡಿಸಿದ್ದು ನಾನು, ರೋವನ್."