ಸೊನ್ನೆ ಎಲ್ಲಿದೆ?

"ಕಾಲು ಎತ್ತಬೇಡಿ ಮೇಡಂ... ಹಾಗೇ ನಿಂತಿರಿ."

ಹೊಸ ಫಿಸಿಕ್ಸ್ ಟೀಚರ್ ಗರಬಡಿದವಳಂತೆ ನಿಂತಳು. ಪ್ರಯೋಗಶಾಲೆಯ ನೆಲದ ಮೇಲೆ, ಬೋರ್ಡಿನಿಂದ ಬಾಗಿಲಿನವರೆಗೆ, ಮೀಟರಿಗೊಂದು ಬಿಳಿ ಬಣ್ಣದ ಗೆರೆ ಎಳೆದು ಸೊನ್ನೆಯಿಂದ ಎಂಟರವರೆಗೆ ಅಂಕಿ ಬರೆಯುತ್ತಿದ್ದ ಲ್ಯಾಬ್ ಸಹಾಯಕ ಮಂಡಿಯೂರಿ ಅವಳನ್ನೇ ನೋಡುತ್ತಿದ್ದ. ಅವಳ ಚಪ್ಪಲಿ ಬೋರ್ಡಿನ ಬಳಿಯ ಹಸಿ ಸೊನ್ನೆಯ ಮೇಲಿತ್ತು.

"ಅಯ್ಯೋ, ಸೊನ್ನೆ ಹಾಳಾಯ್ತಲ್ಲ..."

"ಇರ್ಲಿ ಬಿಡಿ. ಸೊನ್ನೆ ಎಲ್ಲಿ ಬೇಕಾದ್ರೂ ಇಟ್ಕೋಬಹುದು," ಎಂದು ನಕ್ಕ.

ಆ ನಗು ಅವಳ ಎದೆಯಲ್ಲಿ ಮನೆ ಮಾಡಿತು. ವರ್ಷ ಕಳೆದರೂ ಹೇಳಲು ಬಾಯಿ ಬರಲಿಲ್ಲ.

ಈಗ ಅವಳ ಚೀಲದಲ್ಲಿ ವರ್ಗಾವಣೆಯ ಕಾಗದವಿತ್ತು. ಒಪ್ಪಿಗೆಯೋ ಇಲ್ಲವೋ, ಸಂಜೆ ಐದರೊಳಗೆ ತಿಳಿಸಬೇಕು. "ಹೋಗ್ಲಾ?" ಎಂದು ಬೆಳಿಗ್ಗೆ ಅವನನ್ನೇ ಕೇಳಿದ್ದಳು.

"ನಿಮ್ಮಿಷ್ಟ ಮೇಡಂ," ಎಂದು ಮಸೂರ ಒರೆಸುತ್ತಾ ನಿಂತಿದ್ದ, ಪುಣ್ಯಾತ್ಮ.

ನಾಲ್ಕು ಗಂಟೆಗೆ ಪ್ರಯೋಗಶಾಲೆಯಲ್ಲಿ, ಬೋರ್ಡಿನ ಪಕ್ಕದಲ್ಲೇ, ಮಕ್ಕಳ ನಕ್ಷೆ ತಿದ್ದಲು ಕೂತಳು. ತರಗತಿಯಲ್ಲಿ ಒಬ್ಬರನ್ನು ಆರಿಸಿಕೊಂಡು, ನಿಮಿಷ ನಿಮಿಷಕ್ಕೂ ಅವರು ಎಲ್ಲಿದ್ದರೆಂದು ಗುರುತಿಸುವ ಪಾಠ. ಒಬ್ಬಳು ಕಿಲಾಡಿ ಅವನನ್ನೇ ಆರಿಸಿದ್ದಳು.

'ಮೇಡಂ ನಮ್ಮ ಕಡೆ ತಿರುಗಿದಾಗ ನಾಲ್ಕು ಮೀಟರ್. ಬೋರ್ಡ್ ಕಡೆ ತಿರುಗಿದಾಗ ಎಂಟು.'

ನಾಲ್ಕು ಅಂದರೆ ನಡುವಿನ ಅಲಮಾರು. ಎಂಟು ಅಂದರೆ... ಬಾಗಿಲು! ನಾನು ಬೆನ್ನು ತಿರುಗಿಸಿದ್ದೇ ತಡ, ನನ್ನಿಂದ ದೂರ ಓಡುತ್ತಾನಾ?

ಕಣ್ಣು ತುಂಬಿತು. ಒಪ್ಪಿಗೆಯ ಸಹಿ ಹಾಕಲು ಪೆನ್ನು ತೆಗೆದಳು. ಸೊನ್ನೆ ಎಲ್ಲಿದೆಯೆಂದು ಬರೆಯದವರಿಗೆ ಒಂದು ಅಂಕ ಕಡಿಮೆ ಎಂಬುದು ಅವಳದೇ ನಿಯಮ. ಹಾಳೆಯ ಈ ಬದಿಯಲ್ಲಿ ಅದು ಕಾಣಲಿಲ್ಲ; ಅಂಕ ಕಳೆಯುವ ಮುನ್ನ ಹಾಳೆ ತಿರುವಿದಳು.

'ಸೊನ್ನೆ: ಬಾಗಿಲು. ಬೋರ್ಡ್ ಹತ್ತಿರದ ಸೊನ್ನೆಯಲ್ಲಿ ಮೇಡಂ ಚಪ್ಪಲಿ ಗುರುತಿದೆ, ಅದನ್ನು ಮುಟ್ಟಬಾರದು ಅಂತ ಲ್ಯಾಬ್ ಅಣ್ಣ ಹೇಳಿದ್ದಾರೆ.'

ಹಾಗಾದರೆ ಎಂಟು ಅಂದರೆ ತನ್ನ ಪಕ್ಕ! ಬೋರ್ಡಿನ ಮೇಲ್ಭಾಗ ಎಟುಕದೆ ತಾನು ದಿನವೂ ಹತ್ತುವ ಕುಂಟು ಸ್ಟೂಲನ್ನು ನೋಡಿದಳು. ಅದು ಅಲ್ಲಾಡದೆ ಎಷ್ಟು ತಿಂಗಳಾಯಿತು...

"ನನ್ನ ಸ್ಟೂಲ್ ಹಿಡ್ಕೊಳ್ಳೋದು ನೀವಾ?"

ಅಲಮಾರಿನ ಬಳಿ ಮಸೂರ ಜೋಡಿಸುತ್ತಿದ್ದ ಅವನ ಕೈ ನಿಂತಿತು. "ಕಾಲಲ್ಲಿ ಒತ್ತಿ ಹಿಡೀತೀನಿ... ನೀವು ಬಿದ್ದುಬಿಟ್ರೆ ಅಂತ ಭಯ."

"ಮತ್ತೆ ಬೆಳಿಗ್ಗೆ ನಿಮ್ಮಿಷ್ಟ ಅಂದ್ರಿ?"

"ಹೋಗ್ಬೇಡಿ ಅನ್ನೋಕೆ ನಾನ್ಯಾರು ಮೇಡಂ?"

"ನಾನು ಪ್ರೀತಿಸೋರು."

ಮಸೂರ ಕೈಜಾರುವುದೊಂದು ಬಾಕಿ. ಅವಳು ಕಾಗದದ ಮೇಲೆ 'ಒಪ್ಪಿಗೆಯಿಲ್ಲ' ಎಂದು ಬರೆದು ಪೆನ್ನು ಮುಚ್ಚಿದಳು.

"ಈಗ ಎಷ್ಟು ಮೀಟರಲ್ಲಿದ್ದೀರಿ?"

"ನಾಲ್ಕು..."

"ಎಂಟಕ್ಕೆ ಬನ್ನಿ. ಇವತ್ತು ನಾನು ಬೋರ್ಡ್ ಕಡೆ ತಿರುಗಲ್ಲ."