ನಿದ್ದೆಗೆಟ್ಟ ಗೊಂಬೆ

ಬಹಳ ಹಿಂದೆ, ಹೊಗೆಗುಡ್ಡ ಎಂಬ ರಾಜ್ಯದಲ್ಲಿ, ಪ್ರತಿ ಮನೆಯಲ್ಲೂ ಮೂರು ವಸ್ತುಗಳಿರುತ್ತಿದ್ದವು: ಒಲೆ, ಒನಕೆ ಮತ್ತು ಎದುರುಮನೆಯವರ ಮೇಲಿನ ಮತ್ಸರ. ಮೊದಲೆರಡನ್ನು ಕಡ ಕೊಡುತ್ತಿದ್ದರು.

ಆ ರಾಜ್ಯದಲ್ಲಿ ಸಂಕಣ್ಣ ಎಂಬ ಯುವಕನಿದ್ದ. ನವರಾತ್ರಿಗೆ ಅವನ ಮನೆಯಲ್ಲಿ ಮಜ್ಜಿಗೆ ಕಡೆಯುವ ಗೊಂಬೆಯನ್ನು ಕೂರಿಸುತ್ತಿದ್ದರು. ಅದಕ್ಕೆ ಮೋಟರಿತ್ತು. ಆ ಕಾಲದ ಮೋಟರಿನೊಳಗೆ ಒಂದು ಜೀರುಂಡೆ ಇರುತ್ತಿತ್ತು. ಅದು ಸುತ್ತಿದರೆ ಗೊಂಬೆ ಕಡೆಯುತ್ತಿತ್ತು. ಎದುರುಮನೆಯ ಪದುಮಕ್ಕನ ಬಳಿ ಅಂಥದೇ ಮೋಟರಿನ, ಕಿವಿ ಬೀಸುವ ಆನೆಗೊಂಬೆಯಿತ್ತು. ಅದರ ಬಗ್ಗೆ ಸಂಕಣ್ಣನ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದರು, ಅಷ್ಟೆ.

ಆ ವರ್ಷ ಹಬ್ಬದ ಮೊದಲ ದಿನವೇ ಸಂಕಣ್ಣನ ಗೊಂಬೆ ನಿಂತುಹೋಯಿತು. ಗುಡ್ಡದ ಮೇಲೆ ಮಸಣಯ್ಯನೆಂಬ ಮಾಂತ್ರಿಕನಿದ್ದ. ಆಡುವ ಗೊಂಬೆ ನಿಂತ ಮನೆಯಲ್ಲಿ ಒಬ್ಬರು ಮಣ್ಣಾಗಬೇಕು, ಹತ್ತನೆಯ ದಿನ ಅವನ ಗೊಂಬೆಸಾಲಿಗೆ ಸೇರಬೇಕು ಎಂಬುದು ಅವನ ಮಾಟ. ಸಂಜೆಯ ಹೊತ್ತಿಗೆ ಸಂಕಣ್ಣನ ಹೆಂಡತಿ ನೀಲವ್ವನ ಪಾದಗಳು ಮಣ್ಣಾದವು.

"ಎದುರುಮನೆ ಆನೆ ಇನ್ನೂ ಕಿವಿ ಬೀಸ್ತಿದೆಯಾ?" ಎಂದು ಕೇಳಿದಳು.

"ಬೀಸ್ತಿದೆ."

"ಹಾಗಾದರೆ ಬೇಗ ಹೋಗಿ."

ಮೋಟರಿಗೆ ಎಣ್ಣೆ ಬೇಕು, ಅಚ್ಚು ಬೇಕು, ದಾರ ಬೇಕು ಎಂದು ಕಮ್ಮಾರ ಹೇಳಿದ. ಮೂರೂ ಸಿಗುತ್ತಿದ್ದುದು ಕಾಡಿನಲ್ಲಿ. ಸಂಕಣ್ಣ ಕಾಡಿಗೆ ಹೋದ. ಎಣ್ಣೆಯನ್ನು ಕರಡಿ ಕಾಯುತ್ತಿತ್ತು. ಎದುರುಮನೆಯವರ ಬಗ್ಗೆ ಒಂದು ಒಳ್ಳೆ ಮಾತು ಹೇಳಿದರೆ ಕೊಡುತ್ತೇನೆ ಎಂದಿತು. ಸಂಕಣ್ಣ ಒಂದು ದಿನ ಯೋಚಿಸಿ, ಆನೆಯ ಬಾಲ ಪರವಾಗಿಲ್ಲ ಎಂದ. ಅಚ್ಚನ್ನು ಉಡ ಕಾಯುತ್ತಿತ್ತು. ಅದೂ ಅದನ್ನೇ ಕೇಳಿತು. ಸಂಕಣ್ಣ ಎರಡು ದಿನ ಯೋಚಿಸಿ, ಆನೆಯ ಬಣ್ಣ ಚೆನ್ನಾಗಿದೆ ಎಂದ. ದಾರವನ್ನು ಜೇಡ ಕಾಯುತ್ತಿತ್ತು. ಮೂರು ದಿನ ಯೋಚಿಸಿದ ಮೇಲೆ, ಆ ಆನೆ ನಮ್ಮ ಗೊಂಬೆಗಿಂತ ಚೆಂದ ಎಂದು ಹೇಳಿ ಸಂಕಣ್ಣ ಕಲ್ಲಿನ ಮೇಲೆ ಕುಸಿದು ಕೂತ. ಜೇಡ ನೀರು ಕೊಟ್ಟು ಉಪಚರಿಸಿತು.

ಒಂಬತ್ತನೆಯ ದಿನ ಬೆಳಗ್ಗೆ ಮನೆಗೆ ಬಂದಾಗ ನೀಲವ್ವ ಕುತ್ತಿಗೆಯವರೆಗೆ ಮಣ್ಣಾಗಿದ್ದಳು. ಸಂಕಣ್ಣ ಎಣ್ಣೆ ಬಿಟ್ಟ, ಅಚ್ಚು ಕೂರಿಸಿದ, ದಾರ ಕಟ್ಟಿದ. ಗೊಂಬೆ ಅಲುಗಲಿಲ್ಲ. ಮುಚ್ಚಳ ತೆರೆದು ನೋಡಿದರೆ ಜೀರುಂಡೆಯ ಕಣ್ಣು ಕೆಂಡದಂತೆ ಕೆಂಪಾಗಿತ್ತು.

"ಹೋದ ವಿಜಯದಶಮಿಗೆ ನನ್ನ ಮಲಗಿಸಿದ್ರಾ?" ಎಂದು ಅದು ಕೇಳಿತು.

ಹಬ್ಬ ಮುಗಿದ ಸಂಜೆ ಒಂದು ಗೊಂಬೆಯನ್ನು ಅಡ್ಡ ಮಲಗಿಸಿ ಆರತಿ ಎತ್ತಬೇಕು. ಆಗ ಎಲ್ಲ ಗೊಂಬೆಗಳೂ ವರ್ಷವಿಡೀ ನಿದ್ದೆ ಮಾಡುತ್ತವೆ. ಹೋದ ವರ್ಷ ಆನೆ ಮೊದಲು ಮಲಗಲಿ ಎಂದು ಸಂಕಣ್ಣ ಕಾದಿದ್ದ. ಆನೆ ಮಲಗಿರಲಿಲ್ಲ. ತನ್ನ ಗೊಂಬೆಯನ್ನೂ ಹಾಗೆಯೇ ಪೆಟ್ಟಿಗೆಗೆ ತುಂಬಿದ್ದ.

ಈಗಲೂ ಮಲಗಿಸಬಹುದು, ಗೊಂಬೆ ಮಲಗಿದ ಮನೆಗೆ ಮಾಟ ತಗಲುವುದಿಲ್ಲ, ಆದರೆ ಆರತಿಯನ್ನು ಎದುರುಮನೆಯವರೇ ಎತ್ತಬೇಕು ಎಂದಿತು ಜೀರುಂಡೆ. ಸಂಕಣ್ಣ ನೀಲವ್ವನ ಮುಖ ನೋಡಿದ. ಅವಳಿಗೆ ಮಾತು ಇನ್ನೂ ಬರುತ್ತಿತ್ತು.

"ಬೇರೆ ದಾರಿ ಇಲ್ವಂತಾ?" ಎಂದಳು.

ಇರಲಿಲ್ಲ. ಸಂಕಣ್ಣ ಬೀದಿ ದಾಟಿದ.

"ಪದುಮಕ್ಕ, ನಮ್ಮ ಗೊಂಬೆ ನಿಂತುಹೋಗಿದೆ. ನಾವೇ ಮೊದಲು ಮಲಗಿಸ್ತೀವಿ. ನೀವು ಗೆದ್ರಿ. ಬಂದು ಆರತಿ ಎತ್ತಿ."

ಪದುಮಕ್ಕ ಆ ಮಾತನ್ನು ಸ್ವಲ್ಪ ಹೊತ್ತು ಅನುಭವಿಸಿದಳು. ಆಮೇಲೆ ಪರದೆ ಸರಿಸಿದಳು. ಆನೆಯ ಕಿವಿಗಳಿಗೆ ದಾರ ಕಟ್ಟಿತ್ತು. ಅವಳ ಎಡಗೈಯೂ ಎರಡು ಕಾಲೂ ಮಣ್ಣಾಗಿದ್ದವು.

"ನಮ್ಮದು ನಿಂತು ಎಂಟು ದಿನ ಆಯ್ತು ಕಣಪ್ಪ. ಹಗಲೆಲ್ಲ ಕೂತು ಎಳೀತಿದೀನಿ. ನೀಲವ್ವ ಕಿಟಕೀಲಿ ನೋಡ್ತಾಳಲ್ಲ."

ಸಂಕಣ್ಣ ಅವಳನ್ನು ಹೊತ್ತುಕೊಂಡು ಬಂದ. ಆನೆಯನ್ನೂ ತಂದ. ಎರಡನ್ನೂ ಒಟ್ಟಿಗೆ ಮಲಗಿಸಿದರು. ಪದುಮಕ್ಕ ಬಲಗೈಯಲ್ಲೇ ಆರತಿ ಎತ್ತಿದಳು. ಜೀರುಂಡೆಗಳು ಗೊರಕೆ ಹೊಡೆದವು. ಇಬ್ಬರ ಮೈಯಿಂದಲೂ ಮಣ್ಣು ಉದುರಿತು. ಮಾಟ ಮುರಿದು, ಗುಡ್ಡದ ಮೇಲಿನ ಗೊಂಬೆಗಳೂ ಮನುಷ್ಯರಾಗಿ ಇಳಿದು ತಮ್ಮ ತಮ್ಮ ಮನೆಗೆ ನಡೆದರು. ಇದನ್ನು ಕಂಡು ಮತ್ಸರ ತಾಳಲಾರದೆ ಮಸಣಯ್ಯ ತಾನೇ ಅಡಿಯಿಂದ ಮುಡಿಯವರೆಗೆ ಮಣ್ಣಾದ.

ಅವನನ್ನು ಯಾರ ಮನೆಯಲ್ಲಿ ಕೂರಿಸಬೇಕೆಂದು ಎರಡು ಮನೆಯವರೂ ಮೂರು ದಿನ ಚರ್ಚಿಸಿದರು. ಕೊನೆಗೆ ವರ್ಷಕ್ಕೊಬ್ಬರ ಸರದಿ ಎಂದಾಯಿತು. ಅಂದಿನಿಂದ ಎಲ್ಲರೂ ಸುಖವಾಗಿದ್ದಾರೆ. ಈ ವರ್ಷ ಎದುರುಮನೆಯ ಸರದಿ. ಪದುಮಕ್ಕ ಅವನಿಗೆ ಹೊಸ ಬಣ್ಣ ಹಚ್ಚಿದ್ದಾಳಂತೆ, ಬಹಳ ಚೆನ್ನಾಗಿದೆಯಂತೆ. ನೀಲವ್ವ ಇನ್ನೂ ನೋಡಲು ಹೋಗಿಲ್ಲ.